ಆರು ಹಸು, ನಾಲ್ಕು ಎಕರೆ ರಾಗಿ: ಹುಲ್ಲು ಸುತ್ತೋ ಬೇಲರ್ ನಾವೇ ತಗೊಳ್ಳೋದಾ, ಬೇಡ್ವಾ?

ಪಾರ್ಟ್‌ಟೈಮ್ ರೈತ (ಅಕ್ಟೋಬರ್ 9)

ಎಲ್ಲರಿಗೂ ನಮಸ್ಕಾರ. ನನಗೆ ಯಲಹಂಕದಲ್ಲಿ ಕೆಲಸ. ಜಮೀನು ಇರುವುದು ರಾಜಾನುಕುಂಟೆಯಿಂದ ಒಳಗೆ. ನಾಲ್ಕು ಎಕರೆ ರಾಗಿ, ಮಳೆ ನಂಬಿದ ಬೆಳೆ. ಕೊಟ್ಟಿಗೆಯಲ್ಲಿ ಆರು ಸೀಮೆ ಹಸು. ನಾಲ್ಕು ಹಾಲು ಕೊಡುತ್ತಿವೆ, ಎರಡು ಗಬ್ಬ. ಕರುಗಳು ಬೇರೆ. ದಿನದ ಕೆಲಸ ಅಪ್ಪ ಅಮ್ಮನದೇ. ಇಬ್ಬರಿಗೂ ವಯಸ್ಸಾಯಿತು.

ಹೋದ ಸಲ ಹುಲ್ಲು ಸುತ್ತಲು ಬಾಡಿಗೆ ಬೇಲರ್‌ನವರಿಗೆ ಹೇಳಿಟ್ಟಿದ್ದೆವು. ‘ನಾಳೆ ಬರ್ತೀನಿ ಸಾರ್’ ಅಂತ ಒಂಬತ್ತು ದಿನ ಕಳೆದರು. ಹತ್ತನೇ ದಿನ ಬಂದದ್ದು ಮಳೆ. ಹೊಲದಲ್ಲಿ ಸಾಲು ಬಿದ್ದಿದ್ದ ಹುಲ್ಲು ಕಪ್ಪಾಯಿತು. ಕೊನೆಗೆ 300 ರೋಲ್ ಭತ್ತದ ಹುಲ್ಲನ್ನು ಮನೆ ಬಾಗಿಲಿಗೆ 200 ರೂಪಾಯಿಯಂತೆ ಹಾಕಿಸಿಕೊಂಡೆವು. ಅಲ್ಲಿಗೆ 60 ಸಾವಿರ.

ಈಗ ಪರಿಚಯದವರೊಬ್ಬರು ಸೆಕೆಂಡ್ ಹ್ಯಾಂಡ್ ಮಿನಿ ರೌಂಡ್ ಬೇಲರ್ ಕೊಡುತ್ತೇನೆ ಎನ್ನುತ್ತಿದ್ದಾರೆ. 2 ಲಕ್ಷ 60 ಸಾವಿರ. ಹೊಸದಕ್ಕೆ ಕೇಳಿದ್ದೆ, 4 ಲಕ್ಷದ ಆಸುಪಾಸು ಹೇಳಿದರು. ಅಪ್ಪನ ಹಳೇ 35 ಎಚ್‌ಪಿ ಟ್ರ್ಯಾಕ್ಟರ್ ಇದೆ. ನಡೆಯುತ್ತದೆಯಂತೆ. ತಗೊಳ್ಳೋದಾ? ಸುಮ್ನೆ ‘ತಗೊಳ್ಳಿ’ ಅನ್ನಬೇಡಿ, ಯಾಕೆ ಅಂತ ಹೇಳಿ.

ಲೆಕ್ಕದ ಪುಸ್ತಕ (ಅಕ್ಟೋಬರ್ 9)

ಮೊದಲು ಹಸುವಿನ ಬಾಯಿ ಲೆಕ್ಕ ಹಾಕೋಣ. 400 ಕೆಜಿ ತೂಗುವ ಸೀಮೆ ಹಸುವಿಗೆ ದಿನಕ್ಕೆ 10ರಿಂದ 12 ಕೆಜಿ ಒಣ ಅಂಶ ಹೊಟ್ಟೆಗೆ ಹೋಗಬೇಕು. ಹಸಿ ಮೇವು, ಹಿಂಡಿ, ಬೂಸಾ ಕಳೆದರೆ ಒಣಹುಲ್ಲಿನ ಪಾಲು 5 ಕೆಜಿ ಅಂತ ಇಟ್ಟುಕೊಳ್ಳಿ. ಆರು ಹಸುವಿಗೆ ವರ್ಷಕ್ಕೆ 10,950 ಕೆಜಿ. ಕರು ತಿಂದದ್ದು, ಕಾಲಡಿ ಹೋದದ್ದು ಸೇರಿ 12 ಟನ್.

ಮಳೆ ರಾಗಿಯಲ್ಲಿ ಎಕರೆಗೆ ಒಂದೂವರೆಯಿಂದ ಎರಡು ಟನ್ ಹುಲ್ಲು. ನಾಲ್ಕು ಎಕರೆಗೆ 7 ಟನ್ ಅನ್ನೋಣ. 20 ಕೆಜಿ ರೋಲ್ ಆದರೆ 350 ರೋಲ್. ಅಂದರೆ ಬೇಲರ್ ಇದ್ದರೂ ಇಲ್ಲದಿದ್ದರೂ 5 ಟನ್ ಹೊರಗಿನಿಂದ ತರಲೇಬೇಕು.

ಬಾಡಿಗೆ ರೋಲ್‌ಗೆ 40 ಅಂದರೆ ನಿಮ್ಮ ಖರ್ಚು 14 ಸಾವಿರ. ಸ್ವಂತದ್ದಾದರೆ ಡೀಸೆಲ್, ದಾರ, ಗ್ರೀಸ್ ಎಲ್ಲ ಸೇರಿ ರೋಲ್‌ಗೆ 15. ಉಳಿಯುವುದು 25. ವರ್ಷಕ್ಕೆ 8,750. ಹಾಕಿದ 2.6 ಲಕ್ಷ ವಾಪಸ್ ಬರಲು 30 ವರ್ಷ. ಅಷ್ಟು ಹೊತ್ತಿಗೆ ರಾಜಾನುಕುಂಟೆಯಲ್ಲಿ ನಿಮ್ಮ ಹೊಲ 30x40 ಅಡಿಯ ಸೈಟುಗಳಾಗಿರುತ್ತದೆ.

ಪಾರ್ಟ್‌ಟೈಮ್ ರೈತ (ಅಕ್ಟೋಬರ್ 9)

ಕೊನೇ ಸಾಲು ಬೇಕಿತ್ತಾ ಸಾರ್? 😄

ಆದರೆ ನೀವು ಆ 60 ಸಾವಿರವನ್ನು ಲೆಕ್ಕಕ್ಕೆ ತಗೊಂಡಿಲ್ಲ. ನಾನು ಬೇಲರ್ ಕೇಳುತ್ತಿರುವುದು 25 ರೂಪಾಯಿ ಉಳಿಸೋಕಲ್ಲ. ಹುಲ್ಲು ಒಣಗಿದ ದಿನವೇ ಸುತ್ತೋಕೆ.

ಲೆಕ್ಕದ ಪುಸ್ತಕ (ಅಕ್ಟೋಬರ್ 9)

ಒಪ್ಪಿದೆ. ಅಂಥ ಕೆಟ್ಟ ವರ್ಷ ನಾಲ್ಕಕ್ಕೆ ಒಂದು ಅಂತ ಹಿಡಿಯಿರಿ. ವರ್ಷಕ್ಕೆ 15 ಸಾವಿರ ಆಯಿತು. ಮೊದಲಿನದು ಸೇರಿ 23,750. ಆಗ 11 ವರ್ಷ. ರಿಪೇರಿ ಸೇರಿಸಿಲ್ಲ. ಸೆಕೆಂಡ್ ಹ್ಯಾಂಡ್ ಯಂತ್ರ 11 ವರ್ಷ ರಿಪೇರಿ ಇಲ್ಲದೆ ಓಡುತ್ತದೆ ಅಂತ ನಂಬಿಕೆ ಇದ್ದರೆ ತಗೊಳ್ಳಿ.

ಸುಮ್ನೆ ಓದುಗ (ಅಕ್ಟೋಬರ್ 10)

ಜಯನಗರದವನು, ಹಸು ಇಲ್ಲ, ಹಾಲು ಮಾತ್ರ ಗೊತ್ತು. ಒಂದು ಪೆದ್ದು ಪ್ರಶ್ನೆ. ಹೊರದೇಶದ ವಿಡಿಯೋಗಳಲ್ಲಿ ‘ಹೇ’ ಅಂತಾರಲ್ಲ, ಅದೂ ನಮ್ಮ ರಾಗಿ ಹುಲ್ಲೂ ಒಂದೇನಾ?

ಥರ್ಮಾಮೀಟರ್ (ಅಕ್ಟೋಬರ್ 10)

ಪೆದ್ದು ಪ್ರಶ್ನೆ ಅಲ್ಲ. ಒಂದೇ ಅಲ್ಲ. ರಾಗಿ ಹುಲ್ಲು, ಭತ್ತದ ಹುಲ್ಲು ಕಾಳು ತೆಗೆದ ಮೇಲೆ ಉಳಿದದ್ದು. ಸತ್ವ ಎಲ್ಲ ಕಾಳಿಗೆ ಹೋಗಿರುತ್ತದೆ. ಪ್ರೋಟೀನ್ ಶೇ 3-4 ಇದ್ದರೆ ಹೆಚ್ಚು. ಹೇ ಅಂದರೆ ಹುಲ್ಲನ್ನು ಹೂ ಬರುವ ಹೊತ್ತಿಗೆ ಹಸಿರಾಗಿ ಕೊಯ್ದು, ಹಸಿರು ಬಣ್ಣ ಉಳಿಯುವ ಹಾಗೆ ಒಣಗಿಸಿದ್ದು. ಸತ್ವ ಜಾಸ್ತಿ. ನಮ್ಮಲ್ಲಿ ಹುಲ್ಲು ಚೆನ್ನಾಗಿ ಬರುವುದೇ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಆಗಲೇ ಮಳೆಯೂ. ಒಣಗಿಸುವುದು ಎಲ್ಲಿ? ಅದಕ್ಕೇ ನಮ್ಮ ಕಡೆ ಹಸಿ ಮೇವನ್ನು ಉಳಿಸಬೇಕು ಅಂದರೆ ಗಾಳಿ ಆಡದ ಹಾಗೆ ಮುಚ್ಚಿಟ್ಟು ರಸಮೇವು (ಸೈಲೇಜ್) ಮಾಡುತ್ತಾರೆ, ಹೇ ಮಾಡುವವರು ಕಮ್ಮಿ.

ಇನ್ನೊಂದು. ಭತ್ತದ ಹುಲ್ಲಿಗಿಂತ ರಾಗಿ ಹುಲ್ಲು ಮೇಲು. ಭತ್ತದ ಹುಲ್ಲಿನಲ್ಲಿ ಸಿಲಿಕಾ ಜಾಸ್ತಿ, ಆಕ್ಸಲೇಟ್ ಕೂಡ ಇರುತ್ತದೆ. ಅದು ಸುಣ್ಣದ ಅಂಶವನ್ನು ಹಿಡಿದುಕೊಳ್ಳುತ್ತದೆ. ಅದನ್ನೇ ಹಾಕುವವರು ಖನಿಜ ಮಿಶ್ರಣ ಮರೆಯಬಾರದು.

ಸುಮ್ನೆ ಓದುಗ (ಅಕ್ಟೋಬರ್ 10)

ಥ್ಯಾಂಕ್ಸ್. ನಮ್ಮ ಆಡುಗೋಡಿಯಲ್ಲೇ ಹಳೇ ಡೇರಿ ಸಂಸ್ಥೆ ಇದೆಯಲ್ಲ, 1927ರಲ್ಲಿ ಗಾಂಧೀಜಿ ಹಸು ಸಾಕಣೆ ಕಲಿಯೋಕೆ ಹೋಗಿದ್ದರಂತೆ. ಅವರೇ ಕೇಳಿ ಕಲಿತಿದ್ದಾರೆ ಅಂದಮೇಲೆ ನಾನು ಕೇಳಬಹುದು.

ಕಣದ ಕಲ್ಲು (ಅಕ್ಟೋಬರ್ 10)

ಮಾಗಡಿ ಕಡೆಯವನು. ನನ್ನ ಪ್ರಶ್ನೆ ಒಂದೇ. ನಿಮ್ಮ ಹೊಲದಲ್ಲಿ ಅಕ್ಕಡಿ ಇದೆಯಾ?

ಪಾರ್ಟ್‌ಟೈಮ್ ರೈತ (ಅಕ್ಟೋಬರ್ 10)

ಇದೆ. ಆರೇಳು ಸಾಲು ರಾಗಿಗೆ ಒಂದು ಸಾಲು ಅವರೆ, ತೊಗರಿ. ಅಂಚಿಗೆ ಹುಚ್ಚೆಳ್ಳು. ಅಮ್ಮ ಬಿಡುವುದಿಲ್ಲ.

ಕಣದ ಕಲ್ಲು (ಅಕ್ಟೋಬರ್ 10)

ಅಮ್ಮನ ಮಾತು ಸರಿ. ಈಗ ಯೋಚನೆ ಮಾಡಿ. ರಾಗಿ ಕೊಯ್ಲಿಗೆ ಬಂದಾಗ ಅವರೆ ಇನ್ನೂ ಹೂ ಕಾಯಿ ಅಂತ ನಿಂತಿರುತ್ತದೆ. ತೊಗರಿ ಅದಕ್ಕಿಂತ ತಡ. ಬೇಲರ್‌ಗೆ ಬಯಲು ಬೇಕು, ಉದ್ದ ಸಾಲು ಬೇಕು, ತಿರುಗೋಕೆ ಜಾಗ ಬೇಕು. ಅಕ್ಕಡಿ ಇರುವ ಹೊಲದೊಳಗೆ ಅದು ಬರುವುದಿಲ್ಲ. ಬೇಲರ್ ಕೊಂಡ ಮೊದಲ ವರ್ಷ ‘ಒಂದು ಸಾಲು ಕಮ್ಮಿ ಮಾಡೋಣ’ ಅಂತೀರಿ. ಮೂರನೇ ವರ್ಷ ಅಕ್ಕಡಿಯೇ ಇರುವುದಿಲ್ಲ. ಜನವರಿಯಲ್ಲಿ ಸೊಗಡಿನ ಅವರೆಕಾಯಿ ಕೆಜಿಗೆ ಎಷ್ಟಕ್ಕೆ ಹೋಗುತ್ತದೆ ಅಂತ ಬೆಂಗಳೂರಿನವರಿಗೆ ನಾನು ಹೇಳಬೇಕಾ? ಲೆಕ್ಕದ ಪುಸ್ತಕದವರು ಅದನ್ನೂ ಬರೆದುಕೊಳ್ಳಲಿ.

ನಮ್ಮಲ್ಲಿ ಈಗಲೂ ಕೈಯಲ್ಲೇ ಕೊಯ್ಲು. ಕೊಯ್ದದ್ದನ್ನು ಹಿಡಿ ಹಿಡಿಯಾಗಿ ಹೊಲದಲ್ಲೇ ಅರಿ ಹಾಕುತ್ತೇವೆ. ನಾಲ್ಕೈದು ದಿನ ಬಿಸಿಲು ಕುಡಿದ ಮೇಲೆ ಹೊರೆ ಕಟ್ಟಿ ಮೆದೆ ಹಾಕುತ್ತೇವೆ. ಒಕ್ಕಣೆ ನಿಧಾನಕ್ಕೆ. ತೆನೆ ಮೆದೆಯಲ್ಲೇ ಹದಕ್ಕೆ ಬರುತ್ತದೆ. ಒಕ್ಕಿದ ಮೇಲೆ ಹುಲ್ಲಿನ ಮೆದೆ. ಕೆಳಗೆ ಕಲ್ಲು ಹಾಸಿ, ಅದರ ಮೇಲೆ ಮರದ ದಿಮ್ಮಿ, ಗೆದ್ದಲು ಹತ್ತದ ಹಾಗೆ. ಮೇಲೆ ಬರ್ತಾ ಬರ್ತಾ ಚೂಪಿಗೆ ತರುತ್ತೇವೆ. ಮಳೆ ನೀರು ಮೈಮೇಲಿಂದ ಜಾರಿ ಹೋಗುತ್ತದೆ. ಸರಿಯಾಗಿ ಹಾಕಿದ ಮೆದೆಯೊಳಗೆ ಕೈ ಹಾಕಿದರೆ ಎರಡು ವರ್ಷದ ಹುಲ್ಲೂ ಘಮ್ ಅನ್ನುತ್ತದೆ. ಶೆಡ್ ಬೇಡ, ದಾರ ಬೇಡ, ಯಂತ್ರ ಬೇಡ.

ಗೊಂತಿನ ಹತ್ತಿರ (ಅಕ್ಟೋಬರ್ 10)

ಅಣ್ಣಾ, ಮೆದೆ ಹಾಕೋರು ಯಾರು? ಅದರಿಂದ ಹುಲ್ಲು ಹಿರಿಯೋರು ಯಾರು?

ನಾನು ಹೊಸಕೋಟೆ ಕಡೆಯವಳು. ಒಂಬತ್ತು ಹಸು ನನ್ನ ಕೈಯಲ್ಲೇ. ಮೆದೆ ಚೆಂದ, ನಮ್ಮ ಮಾವ ಹಾಕುತ್ತಿದ್ದರು. ಅವರು ಹೋದ ಮೇಲೆ ನಮ್ಮೂರಲ್ಲಿ ಸೋರದ ಹಾಗೆ ಮೆದೆ ಹಾಕಲು ಬರುವವರು ಇಬ್ಬರು ಉಳಿದಿದ್ದಾರೆ. ಆಳು ಸಿಗಲ್ಲ. ಒಬ್ಬರ ಕೆಲಸಕ್ಕೆ ಇನ್ನೊಬ್ಬರು ಹೋಗೋ ಮುಯ್ಯಾಳು ಅನ್ನೋದು ಹೋಗಿ ಎಷ್ಟು ಕಾಲ ಆಯಿತು. ದಿನಾ ಬೆಳಿಗ್ಗೆ ಮಂಜಿನಲ್ಲಿ ನಿಂತು ಮೆದೆಯಿಂದ ಹುಲ್ಲು ಹಿರಿದರೆ ಭುಜ ಬಿದ್ದು ಹೋಗುತ್ತದೆ. ಹಾವು ಬೇರೆ. ರೋಲ್ ಆದರೆ ಉರುಳಿಸಿಕೊಂಡು ಬರಬಹುದು. ದಾರ ಬಿಚ್ಚಿದರೆ ಪದರ ಪದರ ಬಿಡಿಸಿಕೊಳ್ಳುತ್ತದೆ. ಅರ್ಧ ರೋಲ್ ಒಂದು ಹೊತ್ತಿಗೆ, ಅಳತೆ ಗೊತ್ತಾಗುತ್ತದೆ. ಇದನ್ನು ಯಾರೂ ಲೆಕ್ಕಕ್ಕೆ ಹಾಕುವುದಿಲ್ಲ, ಯಾಕೆಂದರೆ ಹಿರಿಯೋದು ಹೆಂಗಸರು.

ಬೇಲ್ ಮಾಡಿಸಿ. ಆದರೆ ಬೇಲರ್ ಕೊಳ್ಳಬೇಡಿ. ನಾವು ಐದು ಮನೆಯವರು ಸೇರಿ ಒಂದೇ ದಿನಕ್ಕೆ ಕರೆಸುತ್ತೇವೆ. ಇದು ನಾಲ್ಕನೇ ವರ್ಷ.

ಮತ್ತೆ ಪಾರ್ಟ್‌ಟೈಮ್ ರೈತರೇ, ಶೆಡ್ ಇದೆಯಾ? ಅದನ್ನು ನೀವು ಬರೆದೇ ಇಲ್ಲ. 2021ರ ನವೆಂಬರ್ ಮಳೆ ನೆನಪಿದೆಯಲ್ಲ, ಎಷ್ಟೋ ಹೊಲದಲ್ಲಿ ತೆನೆಯಲ್ಲೇ ಮೊಳಕೆ ಬಂತು. ಆ ವರ್ಷ ಹೇಗೋ ಉಳಿದ ಹುಲ್ಲನ್ನು ಸುತ್ತಿಸಿ ಟಾರ್ಪಾಲ್ ಹೊದಿಸಿ ಹೊರಗೆ ಇಟ್ಟಿದ್ದೆ. ಮೇಲಿನಿಂದ ಒಂದು ಹನಿ ಬೀಳಲಿಲ್ಲ. ಆದರೂ ಫೆಬ್ರುವರಿಯಲ್ಲಿ ತೆಗೆದರೆ ಮೇಲಿನ ಸಾಲು ಪೂರ್ತಿ ಬೂಷ್ಟು. ಟಾರ್ಪಾಲ್ ಒಳಗೇ ಬೆವರಿ ತೊಟ್ಟಿಕ್ಕಿತ್ತು. ಕೆಳಗಿನ ಸಾಲು ನೆಲದ ತೇವ ಕುಡಿದಿತ್ತು. ಮಧ್ಯದ್ದು ಮಾತ್ರ ಉಳಿಯಿತು. ಮೆದೆ ಮೈಮೇಲೆ ನೀರು ಜಾರುತ್ತದೆ, ರೋಲ್ ಮಾತ್ರ ನೀರು ಕುಡಿಯುತ್ತದೆ.

ಲೆಕ್ಕದ ಪುಸ್ತಕ (ಅಕ್ಟೋಬರ್ 10)

ಇದು ಒಳ್ಳೇ ಪಾಯಿಂಟ್. 350 ರೋಲ್‌ಗೆ 20 ಅಡಿಗೆ 20 ಅಡಿ, 10 ಅಡಿ ಎತ್ತರದ ಜಾಗ ಬೇಕು. ಗುಂಡಗಿರುವುದರಿಂದ ಮಧ್ಯೆ ಸಂದು ಹೋಗುತ್ತದೆ. ಶೀಟಿನ ಶೆಡ್ ಕಟ್ಟಿಸಿದರೆ ಲಕ್ಷ ರೂಪಾಯಿ ದಾಟುತ್ತದೆ. ಬೇಲರ್ ಬೆಲೆಗೆ ಅದನ್ನೂ ಸೇರಿಸಿ.

ಮದ್ದೂರ್ ರೋಲ್ (ಅಕ್ಟೋಬರ್ 11)

ಎಲ್ಲರೂ ಬೇಲರ್‌ನವನನ್ನು ಬೈಯುತ್ತಿದ್ದೀರಿ, ಬೇಲರ್‌ನವನೇ ಬಂದಿದ್ದೇನೆ. ಮದ್ದೂರು ಕಡೆ ಎರಡು ಮಷೀನ್ ಓಡಿಸುತ್ತೇನೆ, ಹೆಚ್ಚಾಗಿ ಭತ್ತ. ಸೀಸನ್ ಮಧ್ಯೆ ನಿಮ್ಮ ಕಡೆಗೂ ಬಂದದ್ದಿದೆ.

‘ನಾಳೆ ಬರ್ತೀನಿ’ ಅಂತ ಯಾಕೆ ಹೇಳುತ್ತೇವೆ ಗೊತ್ತಾ? ನಮಗೆ ದಿನಕ್ಕೆ 300 ರೋಲ್ ಆದರೆ ಡೀಸೆಲ್, ಡ್ರೈವರ್, ಕಂತು ಕಳೆದು ಏನಾದರೂ ಉಳಿಯುತ್ತದೆ. ಗದ್ದೆ ಬಯಲಿನಲ್ಲಿ ಒಂದೇ ಕಡೆ ಅಷ್ಟು ಸಿಗುತ್ತದೆ. ನಿಮ್ಮ ಕಡೆ ಮುಕ್ಕಾಲು ಎಕರೆ ಇಲ್ಲಿ, ಅರ್ಧ ಎಕರೆ ಅಲ್ಲಿ, ಮಧ್ಯೆ ಬದು, ಬದುವಿನ ಮೇಲೆ ಹಲಸಿನ ಮರ, ಆಚೆ ಯಾರದೋ ಲೇಔಟ್ ಕಾಂಪೌಂಡು. ಸುತ್ತುವುದು ಒಂದು ಗಂಟೆ, ಜಾಗ ಬದಲಾಯಿಸುವುದು ಒಂದು ಗಂಟೆ. ಅದಕ್ಕೇ ಹೊಸಕೋಟೆ ಅಕ್ಕ ಮಾಡಿದ್ದೇ ಸರಿ. ಹತ್ತು ಹನ್ನೆರಡು ಎಕರೆ ಒಟ್ಟಿಗೆ ಇದೆ ಅಂದರೆ ನಾವು ದಿನ ಗೊತ್ತು ಮಾಡಿಕೊಂಡೇ ಬರುತ್ತೇವೆ. ಅಡ್ವಾನ್ಸ್ ಎರಡು ಸಾವಿರ ಕೊಟ್ಟಿದ್ದರೆ ಇನ್ನೂ ಖಂಡಿತ.

ಒಂದು ಒಳಗಿನ ಗುಟ್ಟು. ನಮ್ಮವರು ಬೈದರೂ ಪರವಾಗಿಲ್ಲ, ಹೇಳುತ್ತೇನೆ. ನಮಗೆ ದುಡ್ಡು ರೋಲ್ ಲೆಕ್ಕದಲ್ಲಿ. ಸಡಿಲ ಬಿಟ್ಟರೆ ಅದೇ ಹುಲ್ಲಿಗೆ ರೋಲ್ ಜಾಸ್ತಿ. ಮೊದಲ ಹತ್ತು ರೋಲ್ ಹೊರಬಂದ ಕೂಡಲೇ ಎರಡನ್ನು ತೂಕ ಹಾಕಿ. 14-15 ಬಂದರೆ ‘ಬಿಗಿ ಮಾಡಪ್ಪ’ ಅನ್ನಿ. ಮಾಡುತ್ತಾರೆ. ಸಡಿಲ ರೋಲ್ ಎತ್ತುವಾಗಲೇ ಬಿಚ್ಚಿಕೊಳ್ಳುತ್ತದೆ, ಶೆಡ್ಡಿನಲ್ಲಿ ಜಾಗವೂ ಜಾಸ್ತಿ ತಿನ್ನುತ್ತದೆ.

ಸೆಕೆಂಡ್ ಹ್ಯಾಂಡ್ ನೋಡಲೇಬೇಕು ಅಂದರೆ ಖಾಲಿ ಓಡಿಸಿ ತೋರಿಸಿದರೆ ನಂಬಬೇಡಿ. ಖಾಲಿ ಎಲ್ಲವೂ ಚೆನ್ನಾಗೇ ಓಡುತ್ತದೆ. ಹುಲ್ಲು ಹಾಕಿ 20 ರೋಲ್ ಸುತ್ತಿಸಿ. ಹುಲ್ಲು ಎತ್ತಿಕೊಳ್ಳುವ ಪಿಕಪ್ಪಿನ ಹಲ್ಲು ಎಷ್ಟು ಮುರಿದಿವೆ, ಚೈನ್ ಎಷ್ಟು ಜೋತಿದೆ ನೋಡಿ. ರೋಲರ್ ಬೇರಿಂಗ್‌ನ ಕವಚ ಕೈಯಲ್ಲಿ ಮುಟ್ಟಿ, ಟ್ರ್ಯಾಕ್ಟರ್ ಆಫ್ ಮಾಡಿದ ಮೇಲೆ ಮುಟ್ಟಿ ಮತ್ತೆ! ಸುಡುತ್ತಿದ್ದರೆ ಬೇರಿಂಗ್ ಹೋಗಿದೆ. ದಾರ ಸುತ್ತಿ ತಾನೇ ಕತ್ತರಿಸಬೇಕು. ಹತ್ತರಲ್ಲಿ ಎರಡು ಸಲ ತಪ್ಪಿದರೂ ಬೇಡ. ರಾಗಿ ಹುಲ್ಲು ಭತ್ತದ ಹಾಗಲ್ಲ, ಕಾಂಡ ದಪ್ಪ, ಶಾಫ್ಟಿಗೆ ಸುತ್ತಿಕೊಳ್ಳುತ್ತದೆ. ಇನ್ನು ನಿಮ್ಮ ಹೊಲದ ಕಲ್ಲು, ಅದರ ಕಥೆ ಬೇರೆ.

ಪಾರ್ಟ್‌ಟೈಮ್ ರೈತ (ಅಕ್ಟೋಬರ್ 11)

ಅಣ್ಣ, ಬಹಳ ಥ್ಯಾಂಕ್ಸ್. ನಾನು ತಗೊಂಡು, ಅಕ್ಕಪಕ್ಕದವರಿಗೆ ಬಾಡಿಗೆಗೆ ಓಡಿಸಿದರೆ? ವರ್ಷಕ್ಕೆ 1,500 ರೋಲ್ ಸಿಕ್ಕರೂ ರೋಲ್‌ಗೆ 25ರಂತೆ 37 ಸಾವಿರ ಚಿಲ್ಲರೆ ಬರುತ್ತದೆ.

ಮದ್ದೂರ್ ರೋಲ್ (ಅಕ್ಟೋಬರ್ 11)

ಬರುತ್ತದೆ. ಆದರೆ ನಿಮ್ಮ ಹುಲ್ಲು ಒಣಗಿದ ದಿನವೇ ಎಲ್ಲರ ಹುಲ್ಲೂ ಒಣಗಿರುತ್ತದೆ. ನಿಮ್ಮದು ಮೊದಲು ಸುತ್ತಿಕೊಂಡರೆ ಅವರ ಬೈಗುಳ. ಅವರದು ಮೊದಲು ಸುತ್ತಿದರೆ ನಿಮ್ಮ ಹುಲ್ಲಿಗೆ ಮಳೆ. ಮೂರೇ ದಿನದಲ್ಲಿ ನೀವೂ ಫೋನ್ ಎತ್ತಿ ‘ನಾಳೆ ಬರ್ತೀನಿ’ ಅಂತೀರಿ. ಡ್ರೈವರ್ ಯಾರು? ಅಪ್ಪನಾ? ನಿಮಗೆ ಆಫೀಸಿನಲ್ಲಿ ರಜ ಕೊಡ್ತಾರಾ?

ಪಾರ್ಟ್‌ಟೈಮ್ ರೈತ (ಅಕ್ಟೋಬರ್ 11)

ಡ್ರೈವರ್ ವಿಷಯ ಯೋಚನೆಯೇ ಮಾಡಿರಲಿಲ್ಲ.

ಸ್ಪ್ಯಾನರ್ 12 (ಅಕ್ಟೋಬರ್ 12)

ಪೀಣ್ಯದಲ್ಲಿ ಫ್ಯಾಬ್ರಿಕೇಶನ್ ಮಾಡುತ್ತೇನೆ. ಕಮ್ಮಿ ಖರ್ಚಿನ ದಾರಿ ಒಂದಿದೆ. ಕೈಯಲ್ಲಿ ಒತ್ತುವ ಪೆಟ್ಟಿಗೆ. ಪ್ಲೈವುಡ್ ಅಥವಾ ತಗಡಿನ ಡಬ್ಬ, ಒಳಗೆ ಎರಡೂವರೆ ಅಡಿ ಉದ್ದ, ಒಂದೂವರೆ ಅಡಿ ಅಗಲ. ಮೊದಲೇ ದಾರ ಹಾಸಿಟ್ಟು ಹುಲ್ಲು ತುಂಬಬೇಕು. ಉದ್ದ ಹಿಡಿಯ ಲಿವರ್ ಎಳೆದು ಒತ್ತಿ ಕಟ್ಟಬೇಕು. 10-11 ಕೆಜಿಯ ಚೌಕ ಕಟ್ಟು ಬರುತ್ತದೆ. ಏಳು ಸಾವಿರಕ್ಕೆ ಮಾಡಿಕೊಡಬಹುದು. ಜಾಹೀರಾತು ಅಲ್ಲ, ಅಳತೆ ಬೇಕಾದರೆ ನೀವೇ ಮಾಡಿಸಿಕೊಳ್ಳಿ.

ಲೆಕ್ಕದ ಪುಸ್ತಕ (ಅಕ್ಟೋಬರ್ 12)

ಗಂಟೆಗೆ ಎಷ್ಟು?

ಸ್ಪ್ಯಾನರ್ 12 (ಅಕ್ಟೋಬರ್ 12)

ಇಬ್ಬರು ಸೇರಿದರೆ ಏಳು.

ಲೆಕ್ಕದ ಪುಸ್ತಕ (ಅಕ್ಟೋಬರ್ 12)

7 ಟನ್‌ಗೆ 640 ಕಟ್ಟು. 90 ಗಂಟೆ. ಇಬ್ಬರಿಗೆ ಹನ್ನೊಂದು ದಿನ. ಇಬ್ಬರ ಕೂಲಿ ಹಾಕಿದರೆ ರೋಲ್ ಬಾಡಿಗೆಯೇ ಅಗ್ಗ.

ಸ್ಪ್ಯಾನರ್ 12 (ಅಕ್ಟೋಬರ್ 12)

ಹೌದು, ಪೂರ್ತಿ ಹುಲ್ಲಿಗೆ ಆಗಲ್ಲ. ಅವರೆ ಹೊಟ್ಟು, ಹೊಲದಂಚಿನ ಗರಿಕೆ, ಬೇಲರ್‌ನವನು ಬಿಟ್ಟುಹೋದ ಮೂಲೆ, ಇಂಥವಕ್ಕೆ ಚೆನ್ನಾಗಿರುತ್ತದೆ. ಎರಡು ಹಸು ಇರುವವರಿಗೆ ಪೂರ್ತಿ ಸಾಕು.

ಥರ್ಮಾಮೀಟರ್ (ಅಕ್ಟೋಬರ್ 12)

ಯಾರು ಸುತ್ತುತ್ತಾರೆ ಅನ್ನುವುದಕ್ಕಿಂತ ಯಾವಾಗ ಸುತ್ತುತ್ತಾರೆ ಅನ್ನುವುದು ನನಗೆ ಮುಖ್ಯ. ಕೊಟ್ಟಿಗೆಗೆ ನಮ್ಮಂಥ ಪಶುವೈದ್ಯರನ್ನು ಕರೆಯುವುದು ಆಮೇಲೆ ತಾನೇ.

ರಾಗಿಯಲ್ಲಿ ಒಂದು ಮೋಸ ಇದೆ. ತೆನೆ ಪೂರ್ತಿ ಬಲಿತು ಕಂದಾದಾಗಲೂ ಕಾಂಡ ಹಸಿರಾಗಿರುತ್ತದೆ. ಕೈಕೊಯ್ಲಿನಲ್ಲಿ ಅರಿ, ಹೊರೆ, ಮೆದೆ ಅಂತ ಹಂತ ಹಂತವಾಗಿ ಅದು ಒಣಗುತ್ತಿತ್ತು. ಈಗ ಕಂಬೈನ್ ಹಾರ್ವೆಸ್ಟರ್ ಬೆಳಿಗ್ಗೆ ಕೊಯ್ದು ಹೋಗುತ್ತದೆ, ಸಂಜೆ ಬೇಲರ್ ಬಂದು ನಿಂತಿರುತ್ತದೆ. ಎಲೆ ಗರಿಗರಿ ಅನ್ನುತ್ತದೆ, ಗೆಣ್ಣಿನಲ್ಲಿ ನೀರು ಇರುತ್ತದೆ. ತೇವ ಶೇ 15ರ ಒಳಗೆ ಬರಬೇಕು. 20 ದಾಟಿದ್ದನ್ನು ಸುತ್ತಿದರೆ ಒಳಗೆ ಕಾವು ಏರುತ್ತದೆ, ಬೂಷ್ಟು ಹಿಡಿಯುತ್ತದೆ. ಹಸಿ ಹುಲ್ಲನ್ನು ಒತ್ತಾಗಿ ಒಟ್ಟಿದರೆ ಎರಡರಿಂದ ಆರು ವಾರದೊಳಗೆ ತಾನೇ ಬೆಂಕಿ ಹತ್ತುವುದೂ ಉಂಟು. ನಮ್ಮ ಕಡೆ ಬೆಂಕಿಗಿಂತ ಬೂಷ್ಟಿನ ಕಾಟವೇ ಜಾಸ್ತಿ. ಬೂಷ್ಟು ಹಿಡಿದ ಹುಲ್ಲು ತಿಂದು ಗಬ್ಬದ ಹಸು ಕಂದು ಹಾಕಬಹುದು. ಕೆಲವು ಬೂಷ್ಟಿನ ವಿಷ ಹಾಲಿಗೂ ಇಳಿಯುತ್ತದೆ. ನಿಮ್ಮಲ್ಲಿ ಎರಡು ಗಬ್ಬ ಇವೆ ಅಂದಿರಿ, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ.

ಮನೆಯಲ್ಲೇ ನೋಡುವುದು ಸುಲಭ. ಸಾಲಿನ ಅಡಿಯಿಂದ ಒಂದು ಹಿಡಿ ತೆಗೆಯಿರಿ, ಮೇಲಿಂದ ಅಲ್ಲ. ಎರಡೂ ಕೈಯಲ್ಲಿ ತಿರುಚಿ. ಲಟಕ್ ಅಂತ ಮುರಿದರೆ ಸರಿ, ಹಗ್ಗದ ಹಾಗೆ ಬಳುಕಿದರೆ ಇಲ್ಲ. ಗೆಣ್ಣನ್ನು ಉಗುರಿನಿಂದ ಒತ್ತಿ ನೋಡಿ. ಇನ್ನೂ ಅನುಮಾನ ಇದ್ದರೆ ಚಿಕ್ಕದಾಗಿ ಕತ್ತರಿಸಿ, ಒಣ ಗಾಜಿನ ಬಾಟಲಿಗೆ ಹಾಕಿ. ಎರಡು ಚಮಚ ಪುಡಿ ಉಪ್ಪು ಹಾಕಿ ಮುಚ್ಚಳ ಬಿಗಿದು ಎರಡು ನಿಮಿಷ ಅಲ್ಲಾಡಿಸಿ. ಉಪ್ಪು ಉಂಡೆ ಕಟ್ಟಿದರೆ ಇನ್ನೊಂದು ದಿನ ಬಿಸಿಲು ಬೇಕು. ಉಪ್ಪು ಪುಡಿಯಾಗೇ ಉಳಿದರೆ ಬೇಲರ್ ಒಳಗೆ ಬಿಡಿ. ಬೆಳಿಗ್ಗೆ ಇಬ್ಬನಿ ಇರುವಾಗ ಪರೀಕ್ಷೆ ಮಾಡಬೇಡಿ. ಸುತ್ತುವುದೂ ಹನ್ನೊಂದರ ಮೇಲೆ.

ಪ್ಲಾಸ್ಟಿಕ್ ದಾರದ ಬಗ್ಗೆ ಎರಡು ಮಾತು. ಬಿಚ್ಚಿದ ದಾರ ಎಣಿಸಿ. ಗೊಂತಿಗೆ ಬಿದ್ದ ದಾರವನ್ನು ಹಸು ಹುಲ್ಲಿನ ಜೊತೆ ಎಳೆದುಕೊಳ್ಳುತ್ತದೆ, ಉಗುಳಲು ಅದಕ್ಕೆ ಬರುವುದಿಲ್ಲ. ಹೊಟ್ಟೆ ಕೊಯ್ದು ಎರಡು ಕೈ ತುಂಬ ದಾರ ತೆಗೆದಿದ್ದೇನೆ. ಸೆಣಬಿನ ದಾರ ಸಿಕ್ಕರೆ ಅದನ್ನೇ ಹಾಕಿಸಿ.

ಗೊಂತಿನ ಹತ್ತಿರ (ಅಕ್ಟೋಬರ್ 12)

ದಾರದ ಮಾತು ನೂರಕ್ಕೆ ನೂರು. ನಮ್ಮನೆಯಲ್ಲಿ ಕಂಬಕ್ಕೆ ಮೊಳೆ ಹೊಡೆದಿದ್ದೇನೆ. ಬಿಚ್ಚಿದ ದಾರ ನೇರ ಮೊಳೆಗೆ. ಸಂಜೆ ಎಣಿಕೆ.

ಕಣದ ಕಲ್ಲು (ಅಕ್ಟೋಬರ್ 13)

ನಾನು ಬೇಲರ್ ವಿರೋಧಿ ಅಲ್ಲ, ಹೊಸಕೋಟೆ ತಂಗಿ ಹೇಳಿದ್ದು ನಾಟಿತು. ನಮ್ಮ ಮನೆಯಲ್ಲೂ ಹಿರಿಯುವುದು ನಾನಲ್ಲ.

ಒಂದು ಮಧ್ಯದ ದಾರಿ ಹೇಳುತ್ತೇನೆ. ಹೊಲದಲ್ಲಿ ಸುತ್ತಿಸಬೇಡಿ. ಕೈಯಲ್ಲಿ ಕೊಯ್ದು, ಅಕ್ಕಡಿ ಸಾಲನ್ನು ಹಾಗೇ ನಿಲ್ಲಲು ಬಿಟ್ಟು, ರಾಗಿಯನ್ನು ಖಾಲಿ ಬಯಲಿಗೆ ಸಾಗಿಸಿ. ಅಲ್ಲಿ ಒಕ್ಕಣೆ ಮಷೀನ್ ಹಾಕಿಸಿ. ಉದುರಿದ ಹುಲ್ಲನ್ನು ಉದ್ದ ಸಾಲು ಹರಡಿ. ಬೇಲರ್ ಆ ಒಂದೇ ಸಾಲಿನ ಮೇಲೆ ಹೋಗಿ ಬರಲಿ. ಬದು ಇಲ್ಲ, ಹಲಸಿನ ಮರ ಇಲ್ಲ. ಐದು ಮನೆಯದ್ದೂ ಒಂದೇ ಕಡೆ. ಡಾಂಬರು ರಸ್ತೆ ಮೇಲೆ ಮಾತ್ರ ಹಾಕಬೇಡಿ ದಯವಿಟ್ಟು. ಬೈಕಿನವರು ಜಾರಿ ಬೀಳುತ್ತಾರೆ, ಹುಲ್ಲಿಗೆ ಆಯಿಲು, ಮಣ್ಣು.

ಮದ್ದೂರ್ ರೋಲ್ (ಅಕ್ಟೋಬರ್ 13)

ಹಿರಿಯರು ಹೇಳಿದ್ದಕ್ಕೆ ನನ್ನ ಓಟು. ಹಾಗಿದ್ದರೆ ಆರು ಗಂಟೆಯಲ್ಲಿ 300 ರೋಲ್ ಮುಗಿಸಿ ಕಾಫಿ ಕುಡಿಯಬಹುದು.

ಥರ್ಮಾಮೀಟರ್ (ಅಕ್ಟೋಬರ್ 13)

ಹೇಗಿದ್ದರೂ ಕೊಳ್ಳಬೇಕಾದ ಆ 5 ಟನ್ ಬಗ್ಗೆ. ಭತ್ತದ ಹುಲ್ಲನ್ನೇ ತಂದರೆ ಯೂರಿಯಾ ಉಪಚಾರ ಮಾಡಿ. 100 ಕೆಜಿ ಹುಲ್ಲಿಗೆ 4 ಕೆಜಿ ಯೂರಿಯಾ, 50 ಲೀಟರ್ ನೀರಿನಲ್ಲಿ ಪೂರ್ತಿ ಕರಗಿಸಿ ಪದರ ಪದರಕ್ಕೆ ಚಿಮುಕಿಸಿ, ತುಳಿದು, ಗಾಳಿ ಆಡದ ಹಾಗೆ 21 ದಿನ ಮುಚ್ಚಿಡಬೇಕು. ತೆಗೆದ ಮೇಲೆ ಸ್ವಲ್ಪ ಹೊತ್ತು ಗಾಳಿಗೆ ಬಿಟ್ಟು ಹಾಕಿ. ಆರು ತಿಂಗಳ ಒಳಗಿನ ಕರುವಿಗೆ ಬೇಡ. ಯೂರಿಯಾ ನೀರು ಬಕೆಟ್ಟಿನಲ್ಲಿ ಹಾಗೇ ಬಿಟ್ಟು ಹೋಗಬೇಡಿ, ಹಸು ಕುಡಿದರೆ ಜೀವ ಹೋಗುತ್ತದೆ.

ಲೆಕ್ಕದ ಪುಸ್ತಕ (ಅಕ್ಟೋಬರ್ 13)

ಮತ್ತೆ ಆ 5 ಟನ್ ಅನ್ನು ಜನವರಿಯಲ್ಲೇ ಕೊಳ್ಳಿ, ಏಪ್ರಿಲ್‌ಗೆ ಕಾಯಬೇಡಿ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆ ಆಯಿತಲ್ಲ. ಮುಂದಿನ ಬೇಸಿಗೆಯಲ್ಲಿ ನಮ್ಮ ಬೀದಿಗೆ ಬಂದ ಹುಲ್ಲಿನ ಲಾರಿಯವನು ಬೆಲೆ ಹೇಳಲಿಲ್ಲ, ‘ಎಷ್ಟು ಕೊಡ್ತೀರಿ’ ಅಂತ ಕೇಳಿದ.

ಪಾರ್ಟ್‌ಟೈಮ್ ರೈತ (ಅಕ್ಟೋಬರ್ 14)

ಮನೆಯಲ್ಲಿ ಎಲ್ಲ ಓದಿ ಹೇಳಿದೆ. ಅಪ್ಪ ಮದ್ದೂರಿನ ಅಣ್ಣನ ಪೋಸ್ಟಿಗೆ ನಕ್ಕರು. ಅಮ್ಮ ದಾರದ ಪೋಸ್ಟನ್ನು ಎರಡು ಸಲ ಓದಿಸಿದರು.

ಈ ವರ್ಷ ಬೇಲರ್ ಕೊಳ್ಳುತ್ತಿಲ್ಲ. ಅಕ್ಕಪಕ್ಕದ ನಾಲ್ಕು ಮನೆಯವರನ್ನು ಕೇಳಿದ್ದೇನೆ. ಇಬ್ಬರು ಹೂಂ ಅಂದಿದ್ದಾರೆ. ಒಬ್ಬರು ‘ನೋಡೋಣ’ ಅಂದರು. ಇನ್ನೊಬ್ಬರಿಗೂ ನಮಗೂ ಬದುವಿನ ತಕರಾರು ಇದೆ, ಅಮ್ಮ ಹೋಗಿ ಮಾತಾಡುತ್ತೇನೆ ಅಂದಿದ್ದಾರೆ. ಸುಗ್ಗಿ ಮುಗಿದ ಮೇಲೆ ಬರೆಯುತ್ತೇನೆ.

ಪಾರ್ಟ್‌ಟೈಮ್ ರೈತ (ಜನವರಿ 6)

ಹೇಳಿದ ಹಾಗೆ ಬಂದಿದ್ದೇನೆ. ತಡವಾಯಿತು, ಅವರೆಕಾಯಿ ಬಿಡಿಸುತ್ತಿದ್ದೆವು.

ನಾಲ್ಕು ಮನೆ ಸೇರಿದವು, ಒಟ್ಟು ಹನ್ನೊಂದು ಎಕರೆ. ಬದುವಿನ ತಕರಾರಿನವರೂ ಬಂದರು. ತಕರಾರು ಹಾಗೇ ಇದೆ, ಹುಲ್ಲು ಮಾತ್ರ ಒಂದೇ ಬಯಲಿನಲ್ಲಿ ಹರಡಿದೆವು. ಬೇಲರ್‌ನವರಿಗೆ ಎರಡು ಸಾವಿರ ಅಡ್ವಾನ್ಸ್ ಕೊಟ್ಟಿದ್ದೆ. ಹೇಳಿದ ದಿನಕ್ಕಿಂತ ಎರಡು ದಿನ ತಡ. ಆ ಎರಡು ದಿನ ನಾನು ಆಫೀಸಿನಲ್ಲಿ ಕೂತು ಮೋಡ ನೋಡುತ್ತಿದ್ದೆ. ಮಳೆ ಬರಲಿಲ್ಲ. ಒಂದು ರೀತಿಯಲ್ಲಿ ತಡವಾದದ್ದೇ ಒಳ್ಳೆಯದಾಯಿತು. ಮೊದಲ ದಿನ ಬಾಟಲಿಯಲ್ಲಿ ಉಪ್ಪು ಉಂಡೆ ಕಟ್ಟಿತ್ತು. ಎರಡು ದಿನ ತಿರುವಿ ಹಾಕಿದ ಮೇಲೆ ಪುಡಿಯಾಗಿ ಬಂತು.

ನಮ್ಮದು ಮೂರು ಎಕರೆ ಹುಲ್ಲನ್ನು ಮಾತ್ರ ಸುತ್ತಿಸಿದೆವು, 271 ರೋಲ್. ಮೊದಲ 40 ರೋಲ್ ತೂಕ 14 ಕೆಜಿ. ನಾನು ಸ್ಪ್ರಿಂಗ್ ತಕ್ಕಡಿ ತಂದು ಕೊಕ್ಕೆಗೆ ಸಿಕ್ಕಿಸಿದ್ದನ್ನು ಡ್ರೈವರ್ ನೋಡಿದರು. ಏನೂ ಮಾತಾಡಲಿಲ್ಲ. ಇಳಿದು ಏನೋ ತಿರುಗಿಸಿ ಮತ್ತೆ ಹತ್ತಿದರು. ಅಲ್ಲಿಂದ 19 ಕೆಜಿ. ರೋಲ್‌ಗೆ 40ರಂತೆ 10,840 ಕೊಟ್ಟೆ. ಶೆಡ್ ಕಟ್ಟಿಸಲಿಲ್ಲ. ಟ್ರ್ಯಾಕ್ಟರ್ ಹೊರಗೆ ಬಂತು, ಹುಲ್ಲು ಒಳಗೆ ಹೋಯಿತು. ಅಡಿಗೆ ಹಳೇ ಮರದ ಪ್ಯಾಲೆಟ್ ಹಾಕಿದ್ದೇವೆ. ರೈತ ಸಂಪರ್ಕ ಕೇಂದ್ರದಿಂದ ತಂದಿದ್ದ ಟಾರ್ಪಾಲ್ ಈಗ ಟ್ರ್ಯಾಕ್ಟರ್ ಮೇಲೆ.

ಉಳಿದ ಒಂದು ಎಕರೆಯದ್ದನ್ನು ಅಪ್ಪ ಹಟ ಹಿಡಿದು ಮೆದೆ ಹಾಕಿಸಿದರು. ತಾವೇ ಮೇಲೆ ಹತ್ತಿ ಚೂಪಿಗೆ ತಂದರು. ಕೆಳಗೆ ನಿಂತು ನಾನು ಹೊರೆ ಎಸೆದೆ. ಎರಡು ದಿನ ಮೈಕೈ ನೋವು ನನಗೇ, ಅವರಿಗಲ್ಲ. ಹಸುಗಳ ಮುಂದೆ ಎರಡನ್ನೂ ಹಾಕಿ ನೋಡಿದೆ. ಮೂರು ಮೆದೆ ಹುಲ್ಲಿಗೆ ಬಾಯಿ ಹಾಕಿದವು, ಎರಡು ರೋಲ್ ಹುಲ್ಲಿಗೆ. ಆರನೆಯದು ಬಕೆಟ್ಟಿನಲ್ಲಿದ್ದ ಬೂಸಾಗೆ.

ಕಣದ ಕಲ್ಲು (ಜನವರಿ 6)

ಮೂರು! ಓದಿದಿರಾ ಎಲ್ಲರೂ?

ಗೊಂತಿನ ಹತ್ತಿರ (ಜನವರಿ 6)

ಮೊಳೆ ಹೊಡೆದಿರಾ?

ಪಾರ್ಟ್‌ಟೈಮ್ ರೈತ (ಜನವರಿ 7)

ಹೊಡೆದಿದ್ದೇವೆ ಅಕ್ಕ. ಅಮ್ಮ ದಿನಾ ಸಂಜೆ ದಾರ ಎಣಿಸುತ್ತಾರೆ.

ಲೆಕ್ಕದ ಪುಸ್ತಕ (ಜನವರಿ 7)

ಆ ಸೆಕೆಂಡ್ ಹ್ಯಾಂಡ್ ಬೇಲರ್ ಏನಾಯಿತು?

ಪಾರ್ಟ್‌ಟೈಮ್ ರೈತ (ಜನವರಿ 7)

ಪಕ್ಕದ ಊರಿನವರು ತಗೊಂಡರು. ಅವರ ನಂಬರ್ ಇಸ್ಕೊಂಡಿದ್ದೇನೆ.